ಪಿಯಾ ಅಜ್ಜಿಯ ತಾಮ್ರದ ಪರಾತ

ಜಿನೋವಾ: ಬಾರದ ಚೀಲ

ವಿಮಾನ ನಿಲ್ದಾಣದ ತಿರುಗುವ ಪಟ್ಟಿಯ ಮೇಲೆ ಎಲ್ಲರ ಚೀಲಗಳೂ ಬಂದವು, ನಮ್ಮ ರೊಟ್ಟಿ ಬರಲಿಲ್ಲ.

ನನ್ನ ಪೆಟ್ಟಿಗೆ ಬಂತು. ಶಾಲು, ಸ್ವೆಟರುಗಳ ಗಂಟು ಬಂತು. ಯಾರದೋ ಕೂಸಿನ ತಳ್ಳುಗಾಡಿ ಸುತ್ತು ಹಾಕುತ್ತಲೇ ಇತ್ತು. ಕಮಲಕ್ಕನವರ ಕೆಂಪು ಚೀಲ ಮಾತ್ರ ನಾಪತ್ತೆ. ಅದರಲ್ಲಿ ನಾವು ಇಟಲಿಯಲ್ಲಿ ಇರುವಷ್ಟು ದಿನಕ್ಕೂ ಸಾಲುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದವು. ಕಮಲಕ್ಕ ಪಟ್ಟಿಯ ಬಾಯಿಗೆ ಬಗ್ಗಿ, ರಬ್ಬರಿನ ಪರದೆ ಸರಿಸಿ ಒಳಗೆ ನೋಡಿದರು. ಸಮವಸ್ತ್ರದ ಹುಡುಗಿಯೊಬ್ಬಳು ಓಡಿ ಬಂದು ಅವರನ್ನು ಹಿಂದಕ್ಕೆ ಎಳೆದಳು.

"ಒಳಗ ಯಾರೂ ಇಲ್ಲ ಶಾರದಾ. ಅಂಗಡಿ ಖುಲ್ಲಾ ಬಿಟ್ಟ ಎಲ್ಲಿಗೋ ಹೋಗ್ಯಾರ" ಎಂದರು ಕಮಲಕ್ಕ.

ಕಮಲಕ್ಕ ನನ್ನ ಗಂಡನ ಅಕ್ಕ. ರೋಣದ ಪ್ಯಾಟಿಯಲ್ಲಿ ಕಡಲೆಯ ದಲ್ಲಾಳಿ ಅಂಗಡಿ ಅವರದು. ಗಂಡ ತೀರಿದ ಮೇಲೆ ಗಾದಿಯ ಮೇಲೆ ತಾವೇ ಕೂತು ವ್ಯಾಪಾರ ನಡೆಸಿದವರು. ಒಂದು ಕಾಳು ಹಲ್ಲಿಗಿಟ್ಟು ಕಚ್ಚಿದರೆಂದರೆ ಅದು ಯಾವ ಊರ ಎರೆಹೊಲದ್ದು ಎಂದು ಹೇಳುತ್ತಾರೆ ಎಂಬ ಮಾತಿದೆ. ತಪ್ಪು ಹೇಳಿದರೂ ರೈತರು ಒಪ್ಪಿಕೊಳ್ಳುತ್ತಾರೆ ಎಂಬ ಮಾತೂ ಇದೆ. ಆದರೆ ಗಂಡ ಹೋದಂದಿನಿಂದ ಅವರು ಬೇರೆಯವರ ಕೈಯಡಿಗೆ ಉಂಡಿಲ್ಲ. ನರೇಗಲ್ಲಿನ ನಮ್ಮ ಮನೆಗೆ ಬಂದರೂ ಬುತ್ತಿ ಅವರದೇ. ಜನ ಇದನ್ನು ಮಡಿ ಎಂದುಕೊಂಡಿದ್ದಾರೆ. ಮಡಿಯಲ್ಲ. ನಾನೊಮ್ಮೆ ಕೇಳಿಯೇಬಿಟ್ಟಾಗ, "ಬ್ಯಾರೇದವ್ರು ಮಾಡಿ ಬಡಿಸಿದ್ರ ಗಂಟಲಾಗ ಇಳಿಯೂದಿಲ್ಲ ಶಾರದಾ. ಅಷ್ಟ" ಎಂದು ಮಾತು ಮುಗಿಸಿದ್ದರು.

ಇಂಥವರು ಇಟಲಿಗೆ ಹೇಗೆ ಹೊರಟರು ಎನ್ನುವುದೇ ನಮ್ಮ ಮನೆಯವರಿಗೆ ಇನ್ನೂ ಅರಗದ ಸಂಗತಿ. ಮಾರ್ತಾ ಎಂಬ ಹುಡುಗಿ ಸೂಡಿಯ ಗುಡಿಗಳ ಕಲ್ಲುಗಳನ್ನು ಅಳೆದು ಚಿತ್ರ ಬರೆಯಲು ಬಂದವಳು ಒಂದು ಚಳಿಗಾಲವಿಡೀ ನಮ್ಮ ಮಾಳಿಗೆಯ ಕೋಣೆಯಲ್ಲಿದ್ದಳು. ಹೋಗುವಾಗ ಅರ್ಧ ಕನ್ನಡ ಕಲಿತು ಹೋದಳು. ನಾನು ಶಾಲೆಯಿಂದ ನಿವೃತ್ತಳಾದ ಸುದ್ದಿ ತಿಳಿದು, ಕ್ರಿಸ್ಮಸ್ಸಿಗೆ ತಮ್ಮೂರಿಗೆ ಬರಲೇಬೇಕು ಎಂದು ಫೋನಿನಲ್ಲಿ ಹಟ ಹಿಡಿದಳು. ಚಳಿ ಎಂದು ನನ್ನವರು ಒಲ್ಲೆ ಎಂದರು. ಮೂಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ ಕಮಲಕ್ಕ ತಲೆ ಎತ್ತದೆ, "ಅಲ್ಲೆ ಬರಫ ಬೀಳತೈತೇನ?" ಎಂದು ಕೇಳಿದರು. ಬೀಳುತ್ತದೆ ಎಂದೆ. "ಹಂಗಾರ ನಾ ಬರ್ತೀನಿ" ಎಂದರು.

ಹೊರಗೆ ಕಾಯುತ್ತಿದ್ದ ಮಾರ್ತಾ ನಮ್ಮನ್ನು ಅಪ್ಪಿಕೊಂಡಳು. ಕಮಲಕ್ಕನ ಎರಡೂ ಕೆನ್ನೆಗೆ ಮುತ್ತಿಟ್ಟಳು. ನಾಚಿ ಕೆಂಪಾದ ಕಮಲಕ್ಕ ಸೆರಗಿನಿಂದ ಕೆನ್ನೆ ಒರೆಸಿಕೊಂಡರು. ಕಾರು ಹತ್ತಿದ ಮೇಲೆ ಮಾರ್ತಾ ಮೆಲ್ಲಗೆ ಸುದ್ದಿ ಹೇಳಿದಳು: "ಅವ್ವ ನಿನ್ನಿ ಬಿದ್ದಳ್ರಿ. ಬಲಗೈ ಮುರೀತು. ಅಡಗಿ ಮಾಡಾಕ ಯಾರೂ ಇಲ್ರಿ."

ದಾರಿಯ ಗುಡ್ಡಗಳು: ಬರಫ

ಜಿನೋವಾದಲ್ಲಿ ಸಮುದ್ರ, ಬಿಸಿಲು, ಬಾಲ್ಕನಿಗಳಲ್ಲಿ ಒಗೆದ ಬಟ್ಟೆ. ಅಲ್ಲಿನವರು ಕಾಫಿಯನ್ನು ಗಲ್ಲೆಯ ಮುಂದೆ ನಿಂತೇ, ಔಷಧಿ ಕುಡಿದ ಹಾಗೆ ಒಂದೇ ಗುಟುಕಿಗೆ ಮುಗಿಸಿ ನಡೆಯುತ್ತಾರೆ. ರೋಣದ ಬಸ್‌ ಸ್ಟ್ಯಾಂಡಿನಲ್ಲಿ ಅರ್ಧ ಕಪ್ಪು ಚಹಾವನ್ನು ಬಸಿಗೆ ಸುರಿದು, ಊದಿ, ಊರ ಸುದ್ದಿಯೆಲ್ಲ ಮುಗಿಸಿ ಕುಡಿಯುವ ನಮಗೆ ಇದು ಕುಡಿದ ಲೆಕ್ಕವೇ ಅಲ್ಲ.

ಕಾರು ಒಳನಾಡಿನ ಗುಡ್ಡ ಹತ್ತುತ್ತ ಹೋದಂತೆ ಬಿಸಿಲು ಹಿಂದೆ ಉಳಿಯಿತು. ಒಂದು ತಿರುವು ದಾಟಿದ್ದೇ ದಾರಿಯ ಎರಡೂ ಬದಿ ಬೆಳ್ಳಗಾಯಿತು. ನಮ್ಮಲ್ಲಿ ಬಿಡಿಸಿದ ಹತ್ತಿಯನ್ನು ಗೋದಾಮಿನ ಅಂಗಳದಲ್ಲಿ ಸುರಿದಿರುತ್ತಾರಲ್ಲ, ಹಾಗೆ. "ನಿಲ್ಲಸವಾ, ನಿಲ್ಲಸ" ಎಂದು ಕಮಲಕ್ಕ ಮಾರ್ತಾಳ ಹೆಗಲು ತಟ್ಟಿದರು. ಕಾರು ನಿಂತಿತು. ಇಳಿದು, ಸೀರೆಯ ನಿರಿಗೆ ಎತ್ತಿ ಕಟ್ಟಿ, ಚಪ್ಪಲಿಯಲ್ಲೇ ಬರಫದೊಳಗೆ ನಡೆದರು. ಮುಷ್ಟಿ ತುಂಬ ತೆಗೆದು ಮೂಸಿದರು. ನಾಲಿಗೆಗೆ ಮುಟ್ಟಿಸಿದರು.

"ಏನೂ ರುಚಿ ಇಲ್ಲ" ಎಂದು ನನ್ನ ಕಡೆ ತಿರುಗಿದರು. ಆಮೇಲೆ ಆ ಮುಷ್ಟಿಯನ್ನು ನನ್ನ ಕೊರಳಿನೊಳಗೆ ಹಾಕಿದರು.

ನಾನು ಕಿರುಚಿದ್ದು ಆ ಕಣಿವೆಯ ಆಚೆಯ ಊರಿಗೂ ಕೇಳಿಸಿರಬೇಕು. ಕಮಲಕ್ಕ ನಗುತ್ತ ದಾರಿಯ ಮೇಲೆ ಕೂತುಬಿಟ್ಟರು. ಅಷ್ಟು ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಗುಡ್ಡದ ಊರು: ಇಬ್ಬರ ಉಪವಾಸ

ಮಾರ್ತಾಳ ಮನೆಯಲ್ಲಿ ಬೆಚ್ಚಗಿದ್ದದ್ದು ಅಡಿಗೆಮನೆಯೊಂದೇ. ಮೂಲೆಯಲ್ಲಿ ಕಟ್ಟಿಗೆ ಉರಿಯುವ ಕಬ್ಬಿಣದ ಒಲೆ. ಅದರ ಪಕ್ಕದ ಕುರ್ಚಿಯಲ್ಲಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮಾರ್ತಾಳ ತಾಯಿ, ಪಿಯಾ ಅಜ್ಜಿ. ಸಣ್ಣ ಆಳು, ದೊಡ್ಡ ಮೂಗು, ಒಂದು ಬಂಗಾರದ ಹಲ್ಲು. ನಮ್ಮನ್ನು ಮುಖ ಅರಳಿಸಿಕೊಂಡೇ ಸ್ವಾಗತಿಸಿದಳು. ಕಮಲಕ್ಕ ತಮ್ಮ ಅಡಿಗೆ ತಾವೇ ಮಾಡಿಕೊಳ್ಳುತ್ತಾರೆ ಎಂದು ಮಾರ್ತಾ ತಿಳಿಸಿದ್ದೇ ತಡ, ಆ ಮುಖ ಮುಚ್ಚಿತು. ತನ್ನ ಒಲೆಯನ್ನು ಇನ್ನೊಬ್ಬರು ಮುಟ್ಟುವುದು ಆಕೆಗೆ ಬೇಡ. ಇನ್ನೊಬ್ಬರು ಬೇಯಿಸಿದ್ದು ಕಮಲಕ್ಕನಿಗೆ ಬೇಡ. ಇಬ್ಬರ ನಡುವೆ ಒಂದೂ ಮಾತಿನ ಭಾಷೆಯಿಲ್ಲ, ಆದರೂ ಜಗಳ ಸೊಗಸಾಗಿ ನಡೆಯಿತು.

ಮಾರ್ತಾ ಬೆಳಿಗ್ಗೆ ಕೆಲಸಕ್ಕೆ ಇಳಿದು ಹೋಗುವಳು. ಸಂಜೆ ಬಂದು ಡಬ್ಬಿ ಒಡೆದು ಏನೋ ಬಿಸಿ ಮಾಡುವಳು. ಆ ಹುಡುಗಿ ಕಲ್ಲಿನ ಗುಡಿಯ ಚಿತ್ರ ಕೂದಲೆಳೆಯಷ್ಟೂ ತಪ್ಪದೆ ಬರೆಯುತ್ತಾಳೆ, ಆದರೆ ನೀರು ಕಾಯಿಸಿದರೂ ತಳ ಹತ್ತುತ್ತದೆ. ಅಜ್ಜಿ ಒಂದು ತುತ್ತು ಮೂಸಿ ತಾಟು ದೂರ ತಳ್ಳುವಳು. ಕಮಲಕ್ಕ ಕಿತ್ತಳೆ, ಅಕ್ರೋಟ, ಹಾಲಿನ ಮೇಲೆ ದಿನ ದೂಡಿದರು. ಮೇಜಿನ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು, ಇಬ್ಬರೂ ಉಪವಾಸ. ನಡುವೆ ನಾನೊಬ್ಬಳೇ ಉಣ್ಣುತ್ತಿದ್ದೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಉಣ್ಣುತ್ತಿದ್ದೆ. ಅಲ್ಲಿ ಬೆಳಿಗ್ಗೆ ಎಣ್ಣೆ, ಉಪ್ಪು ಹಾಕಿ ಸುಟ್ಟ ದಪ್ಪ ರೊಟ್ಟಿಯನ್ನು ಹಾಲಿನ ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ. ಫೊಕಾಚಾ ಎಂದು ಅದರ ಹೆಸರು. ಉಪ್ಪೂ ಸಿಹಿಯೂ ಕೂಡಿದ ಆ ರುಚಿಗೆ ನಾನು ಮೊದಲ ದಿನವೇ ಸೋತೆ.

ಉಣ್ಣದಿದ್ದರೂ ಅಜ್ಜಿಗೆ ನಮ್ಮನ್ನು ಉಣ್ಣಿಸುವ ಚಟ ಬಿಡದು. ಎಡಗೈ ಬೀಸುತ್ತ "ಮಂಜಾ, ಮಂಜಾ" ಎಂದು ಕೂಗುತ್ತಲೇ ಇದ್ದಳು.

"ಯಾರಿಕಿ ಮಂಜಾ? ಅಷ್ಟೊತ್ತಿಂದ ಕರೀತಾಳ, ಒಮ್ಮಿನೂ ಬರವಲ್ಲಳು" ಎಂದು ಕಮಲಕ್ಕ ಬಾಗಿಲ ಕಡೆ ನೋಡಿದರು.

'ಮಂಜಾ' ಎಂದರೆ ಅವರ ಮಾತಿನಲ್ಲಿ 'ಉಣ್ಣು' ಎಂದು ಮಾರ್ತಾ ಆಮೇಲೆ ಹೇಳಿದಳು. ಇನ್ನೊಂದು ಫಜೀತಿ ನನ್ನಿಂದಲೇ ಆಯಿತು. ನಾನು ಕಮಲಕ್ಕನನ್ನು 'ಅಕ್ಕವ್ವಾ' ಎಂದು ಕರೆಯುವುದು. ಕರೆದಾಗಲೆಲ್ಲ ಅಜ್ಜಿ ಕಷ್ಟಪಟ್ಟು ಎದ್ದು, ಎಡಗೈಯಲ್ಲಿ ಒಂದು ಗ್ಲಾಸು ನೀರು ತಂದು ನನ್ನ ಮುಂದೆ ಇಡುವಳು. ಈ ಊರಿನ ಉಪಚಾರ ಹೀಗೇ ಇರಬೇಕು ಎಂದು ನಾನು ಪ್ರತಿ ಸಲವೂ ಕುಡಿದೆ. ಹೊಟ್ಟೆ ಗುಡುಗುಡು ಎನ್ನತೊಡಗಿದ ಮೇಲೆ ತಿಳಿಯಿತು, ಅವರಲ್ಲಿ ನೀರಿಗೆ 'ಅಕ್ವಾ' ಎನ್ನುತ್ತಾರೆ.

ಅದೇ ಅಡಿಗೆಮನೆ: ಕಡಲೆ ಹಿಟ್ಟು

ಒಂದು ಮಧ್ಯಾಹ್ನ ಅಜ್ಜಿ ಒಲೆಯ ಬಳಿ ತೂಕಡಿಸುತ್ತಿದ್ದಳು. ಇಡೀ ಊರೇ ಆ ಹೊತ್ತಿಗೆ ಕಿಟಕಿ ಮುಚ್ಚಿಕೊಂಡು ಮಲಗುತ್ತದೆ. ಕಮಲಕ್ಕ ಸದ್ದಿಲ್ಲದೆ ಎದ್ದು ಗೋಡೆಯ ಹಲಗೆಯ ಮೇಲಿನ ಗಾಜಿನ ಭರಣಿಗಳನ್ನು ಒಂದೊಂದಾಗಿ ತೆರೆದು ಮೂಸತೊಡಗಿದರು. ನಾನು ಬೇಡ ಎಂದು ಕೈಸನ್ನೆ ಮಾಡಿದೆ. ಮೂರನೆಯದೋ ನಾಲ್ಕನೆಯದೋ ಭರಣಿಯ ಮುಂದೆ ಅವರು ನಿಂತುಬಿಟ್ಟರು. ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡರು.

"ಶಾರದಾ, ಕಡ್ಲಿ ಹಿಟ್ಟ" ಎಂದರು. ತವರಿನವರು ಯಾರೋ ಸಿಕ್ಕ ಹಾಗಿತ್ತು ದನಿ.

ಅಷ್ಟರಲ್ಲಿ ಅಜ್ಜಿ ಎಚ್ಚರಾದಳು. ಅವಳ ಬಾಯಿಂದ ಹೊರಟ ಮಾತುಗಳ ಅರ್ಥ ನನಗೆ ಗೊತ್ತಿಲ್ಲ, ಗೊತ್ತಾಗದಿರುವುದೇ ಒಳ್ಳೆಯದು. ಕಮಲಕ್ಕ ಹಿಂದೆ ಸರಿಯಲಿಲ್ಲ. ಸೊಂಟದ ಸಂಚಿ ಬಿಚ್ಚಿದರು. ಪ್ಯಾಟಿಯಲ್ಲಿ ಮಾದರಿಗೆಂದು ತೆಗೆದ ಕಾಳು ಅದರ ತಳದಲ್ಲಿ ಯಾವಾಗಲೂ ಇರುತ್ತವೆ. ಅವನ್ನು ಮೇಜಿನ ಮೇಲೆ ಸುರಿದರು. ಅಜ್ಜಿಯ ಮಾತು ಅರ್ಧಕ್ಕೆ ನಿಂತಿತು. ಒಂದು ಕಾಳೆತ್ತಿ ಬಂಗಾರದ ಹಲ್ಲಿನ ಪಕ್ಕ ಇಟ್ಟು ಕಚ್ಚಿದಳು.

"ಚೇಚಿ" ಎಂದಳು, ಕಡಲೆಗೆ ಅವರ ಹೆಸರು ಅದು. ಆಮೇಲೆ ಒಳಗಿನಿಂದ ತಮ್ಮ ಕಾಳು ತಂದು ಪಕ್ಕಕ್ಕಿಟ್ಟಳು. ಬಿಳಿಚಿದ ಬಣ್ಣ, ನಮ್ಮದಕ್ಕಿಂತ ಎರಡರಷ್ಟು ದಪ್ಪ. ನಮ್ಮ ಕಾಳು ತೋರಿಸಿ, ಬೆರಳ ತುದಿ ಕೂಡಿಸಿ, ಎಷ್ಟು ಸಣ್ಣದು ಎಂದು ನಕ್ಕಳು.

"ನಗೂದು ಬ್ಯಾಡ ಅಂತ ಹೇಳ ಆಕಿಗೆ. ಇವ್ರ ಕಡ್ಲಿ ಬರೇ ನೀರ ಕುಡದ ಉಬ್ಬೇತಿ" ಎಂದರು ಕಮಲಕ್ಕ.

ಸಂಜೆ ಮಾರ್ತಾ ಬಂದ ಮೇಲೆ ಸಂಗತಿ ಪೂರ್ತಿ ತಿಳಿಯಿತು. ಊರ ನಡುವೆ ಎಲ್ಲರಿಗೂ ಸೇರಿದ ಒಂದು ಕಲ್ಲಿನ ಭಟ್ಟಿ ಇದೆ. ಕ್ರಿಸ್ಮಸ್ಸಿಗೆ ಮುಂಚೆ ಒಂದು ದಿನ ಅದಕ್ಕೆ ಬೆಂಕಿ ಹಾಕುತ್ತಾರೆ, ಮನೆಮನೆಯವರೂ ತಮ್ಮ ಬ್ರೆಡ್ಡು ಅಲ್ಲಿ ಸುಟ್ಟುಕೊಳ್ಳುತ್ತಾರೆ. ಎಲ್ಲಕ್ಕಿಂತ ಮೊದಲು ಒಳಗೆ ಹೋಗುವುದು ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪು ಕೂಡಿಸಿದ ಫರಿನಾತಾ. ದೊಡ್ಡ ತಾಮ್ರದ ಪರಾತದಲ್ಲಿ ಅದನ್ನು ಸುರಿಯುವುದು ಪಿಯಾ ಅಜ್ಜಿಯೇ, ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದಲೂ. ಈ ಸಲ ಕೈ ಮುರಿದದ್ದು ನೋಡಿ ಭಟ್ಟಿಯ ಜೀನೋ ಎನ್ನುವವನು ಬಂದು, ಬಿಡು, ಕೆಳಗಿನ ಪೇಟೆಯಿಂದ ಪಿಜ್ಜಾ ತರಿಸೋಣ ಎಂದು ಹೇಳಿಹೋಗಿದ್ದ. ಅಜ್ಜಿ ಆಗಲಿ ಎಂದಿದ್ದಳು. ಅಂದಿನಿಂದ ಸರಿಯಾಗಿ ಉಂಡಿರಲಿಲ್ಲ.

ಕಮಲಕ್ಕ ಕೇಳಿಸಿಕೊಂಡು ಮೇಜಿನ ಮೇಲಿನ ಕಾಳುಗಳನ್ನು ಸಂಚಿಗೆ ತುಂಬಿದರು. ಆಮೇಲೆ, "ಒಂದ ಕೈ ಮುರದ್ರ ಏನಾತು? ನಮ್ಮವು ನಾಕ ಕೈ ಅದಾವಲ್ಲ, ಹೇಳ ನಿಮ್ಮವ್ವಗ" ಎಂದರು.

ಮಾರ್ತಾ ಹೇಳಿದಳು. ಅಜ್ಜಿ ಕಮಲಕ್ಕನ ಅಂಗೈಗಳನ್ನು ತಿರುವಿ ತಿರುವಿ ನೋಡಿದಳು, ಎತ್ತು ಕೊಳ್ಳುವವರು ಹಲ್ಲು ನೋಡಿದ ಹಾಗೆ. ರೊಟ್ಟಿ ಬಡಿದು ಗಟ್ಟಿಯಾದ ಅಂಗೈಗಳು ಒಪ್ಪಿಗೆಯಾದವು.

ಮರುದಿನ ಮನೆಯಲ್ಲೇ ತಾಲೀಮು. ಅಜ್ಜಿ ಕುರ್ಚಿಯಿಂದ "ಅಕ್ವಾ" ಎಂದು ಆಜ್ಞೆ ಮಾಡುವಳು. ಕಮಲಕ್ಕ "ಏನವಾ?" ಎಂದು ಕೈ ಬಿಟ್ಟು ತಿರುಗುವರು. ಪಾತ್ರೆಗೆ ನೀರು ಮಾತ್ರ ಬೀಳದು. ಅದೊಂದು ಸರಿಹೋದ ಮೇಲೆ ಇನ್ನೊಂದು ತಕರಾರು: ಅಜ್ಜಿ ಹೇಳಿದಷ್ಟು ನೀರು ಹಾಕಿದರೆ ಹಿಟ್ಟು ಮಜ್ಜಿಗೆಯ ಹಾಗೆ ತೆಳ್ಳಗಾಗುತ್ತದೆ. ಕಡಲೆ ಹಿಟ್ಟಿನ ಗಟ್ಟಿ ಝುಣಕ ಮಾಡಿದ ಕೈಗೆ ಅದು ಹೇಗೆ ಒಪ್ಪಿಗೆಯಾದೀತು? ಅಜ್ಜಿಯ ಕಣ್ಣು ತಪ್ಪಿಸಿ ಕಮಲಕ್ಕ ಎರಡು ಮುಷ್ಟಿ ಹಿಟ್ಟು ಸೇರಿಸಿದ್ದನ್ನು ನಾನು ನೋಡಿದೆ, ನೋಡದ ಹಾಗೆ ಕೂತೆ.

ಒಲೆಯಿಂದ ಹೊರಬಂದದ್ದು ಇಟ್ಟಿಗೆ. ಅಜ್ಜಿ ಅದನ್ನೆತ್ತಿ ಮೇಜಿಗೆ ಬಡಿದಳು. ಟಕ್ ಟಕ್ ಎಂದಿತು. ಪ್ಲಾಸ್ಟರಿನ ಕೈಗೆ ಬಡಿದಳು. ಅದೇ ಸದ್ದು. ಮೊದಲು ಅಜ್ಜಿಯ ಹೆಗಲು ಕುಣಿದವು, ಆಮೇಲೆ ಕಮಲಕ್ಕನವು, ಆಮೇಲೆ ಮೂವರೂ ಮೇಜಿಗೆ ತಲೆಯಿಟ್ಟು ನಕ್ಕೆವು. ಕಮಲಕ್ಕ ಅದನ್ನು ಮುರಿದು ಉಳ್ಳಾಗಡ್ಡಿ ಹೆಚ್ಚಿ ಹಾಕಿ ಎಣ್ಣೆಯಲ್ಲಿ ಹುರಿದರು. ತಮ್ಮ ಕೈಯದೇ ಆದ್ದರಿಂದ ಹೊಟ್ಟೆ ತುಂಬ ಉಂಡರು. ಅಜ್ಜಿಯೂ ಹಸಿವು ತಾಳದೆ ಉಂಡಳು. ಉಂಡು, ತಾಟು ಒರೆಸಿ, "ಬಸ್ತಾ" ಎಂದಳು. "ಹೂಂ, ಬಸ್" ಎಂದರು ಕಮಲಕ್ಕ. ಸಾಕು ಎಂಬುದಕ್ಕೆ ರೋಣಕ್ಕೂ ಆ ಗುಡ್ಡದ ಊರಿಗೂ ಇಷ್ಟು ಹತ್ತಿರದ ಮಾತಿದೆಯೆಂದು ಯಾರಿಗೆ ಗೊತ್ತಿತ್ತು.

ಭಟ್ಟಿಯ ಕಟ್ಟೆ

ಭಟ್ಟಿಯ ದಿನ ಬೆಳಿಗ್ಗೆ ಕೆಳಗಿನ ದಾರಿಯಿಂದ ಹಾರ್ನ್ ಕೇಳಿಸಿತು. ಕಮಲಕ್ಕನವರ ಕೆಂಪು ಚೀಲ ಬಂದಿತ್ತು. ಬರಫದಲ್ಲಿ ವಿಮಾನ ನಿಲ್ದಾಣದ ವ್ಯಾನು ಮೇಲೆ ಹತ್ತದು. ನಾವಿಬ್ಬರೂ ಇಳಿದು ಹೋಗಿ ಅದನ್ನು ಕೂಸಿನಂತೆ ಎತ್ತಿಕೊಂಡು ಬಂದೆವು. ರೊಟ್ಟಿ ಚೂರುಚೂರಾಗಿದ್ದವು, ಶೇಂಗಾ ಚಟ್ನಿಯ ಡಬ್ಬಿ ಒಡೆದು ಅರ್ಧ ಚೆಲ್ಲಿ ಒಳಗಿನ ಬಟ್ಟೆಯೆಲ್ಲ ಕೆಂಪಾಗಿತ್ತು. ಕಮಲಕ್ಕ ಮಾತ್ರ ಹಬ್ಬದ ಮುಖ ಮಾಡಿಕೊಂಡಿದ್ದರು. "ಇನ್ನ ನನಗ ಯಾರ ಹಂಗೂ ಇಲ್ಲ" ಎಂದರು.

ಮನೆಗೆ ಬಂದರೆ ಅಡಿಗೆಮನೆಯಲ್ಲಿ ಪಿಯಾ ಅಜ್ಜಿ ಮೂಗಿಗೆಲ್ಲ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಬೋಗುಣಿಯನ್ನು ಹೊಟ್ಟೆಗೂ ಮೇಜಿಗೂ ನಡುವೆ ಒತ್ತಿ ಹಿಡಿದು, ಎಡಗೈ ಒಂದರಲ್ಲೇ ಏನೋ ನಾದುತ್ತಿದ್ದಳು. ನಾವು ಹತ್ತಿರ ಹೋದರೆ ಮೊಣಕೈಯಿಂದ ತಳ್ಳಿದಳು. ಏನು, ಯಾರಿಗೆ ಎಂದು ಹೇಳಲಿಲ್ಲ.

ಭಟ್ಟಿಯ ಮುಂದಿನ ಬಯಲಿನಲ್ಲಿ ಊರಿಗೆ ಊರೇ ಸೇರಿತ್ತು. ಕೋಲೂರಿದ ಮುದುಕರು, ಕುರ್ಚಿ ತಂದು ಕೂತ ಮುದುಕಿಯರು, ಕೋಟು ತೊಟ್ಟ ನಾಯಿಗಳು. ನಮ್ಮ ಮದುವೆ ಮನೆಗಳಲ್ಲಿ ಹಿಟ್ಟು ಕಲಸುವಂಥ ದೊಡ್ಡ ಪರಾತ, ತಾಮ್ರದ್ದು, ಒಳಗೆ ಕಲಾಯಿ ಮಾಡಿದ್ದು, ಎಣ್ಣೆ ತುಂಬಿಕೊಂಡು ಭಟ್ಟಿಯ ಬಾಯಲ್ಲಿ ಕಾಯುತ್ತಿತ್ತು. ಈ ಸಲ ಹಿಟ್ಟು ಅಜ್ಜಿಯ ಅಳತೆಯಂತೆಯೇ ತೆಳ್ಳಗೆ ಕಲಸಿ, ನೆನೆಯಿಟ್ಟು, ಮೇಲಿನ ನೊರೆ ತೆಗೆದು, ಎರಡು ಬಕೆಟ್ಟಿನಲ್ಲಿ ತಂದಿದ್ದೆವು. ಒಂದು ಬಕೆಟ್ಟು ಮಾರ್ತಾಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

ನನ್ನ ಕಾಲು ಜಾರಿದ್ದು ಆಗಲೇ. ಗಟ್ಟಿಯಾದ ಬರಫದ ಮೇಲೆ ಹೆಜ್ಜೆ ಇಟ್ಟದ್ದು ನೆನಪಿದೆ, ಆಮೇಲೆ ಆಕಾಶ ನೋಡಿದ್ದು ನೆನಪಿದೆ. ಎದ್ದು ಕೂತಾಗ ಬಕೆಟ್ಟು ಬೋರಲು, ನಾನು ಕಡಲೆ ಹಿಟ್ಟಿನ ನಡುವೆ, ಒಂದು ನಾಯಿ ಬಹಳ ಶ್ರದ್ಧೆಯಿಂದ ನನ್ನ ಸೆರಗು ನೆಕ್ಕುತ್ತಿತ್ತು. ಯಾರೋ ನಕ್ಕರು. ಆಮೇಲೆ ಅಜ್ಜಿಯ ಮುಖ ನೋಡಿ ನಗು ನಿಲ್ಲಿಸಿದರು. ಉಳಿದದ್ದು ಅರ್ಧ ಹಿಟ್ಟು. ಪರಾತದ ತಳವೂ ಮುಚ್ಚುವಂತಿರಲಿಲ್ಲ. ಕೋಲು ಹಿಡಿದು ಭಟ್ಟಿಯ ಬಳಿ ನಿಂತಿದ್ದ ಜೀನೋ ತಲೆಯಾಡಿಸಿ ಮೆಲ್ಲಗೆ "ಪಿಜ್ಜಾ" ಎಂದ.

ನನಗೆ ಅಳುವೇ ಬಂತು. "ಅಕ್ಕವ್ವಾ, ಏನ ಮಾಡೂಣ್ರಿ ಈಗ?" ಎಂದೆ.

"ಸುಮ್ನಿರ. ಮೊದಲ ಮ್ಯಾಲೇಳ" ಎಂದರು ಕಮಲಕ್ಕ. ಮಾರ್ತಾಳಿಂದ ಬಕೆಟ್ಟು ಇಸಿದುಕೊಂಡು ಭಟ್ಟಿಯ ಬಾಯಿಗೆ ಹೋದರು. "ರೊಟ್ಟಿ ಆದ್ರೂ ತೆಳ್ಳಗ ಇರತೈತಿಲ್ಲೋ? ತೆಳ್ಳಗ ಮಾಡೂಣ. ಆ ಕೋಲಿನಾಂವಗ ಪರಾತ ಅಲ್ಲಾಡಸಾಕ ಹೇಳ."

ಮಾರ್ತಾ ಹೇಳಿದಳು. ಕಮಲಕ್ಕ ಮರದ ಸೌಟಿನ ಮೇಲೆ ಹಿಟ್ಟನ್ನು ಸುತ್ತ ಸುತ್ತ ಇಳಿಬಿಟ್ಟರು. ಜೀನೋ ಉದ್ದನೆಯ ಕೋಲಿನಿಂದ ಪರಾತವನ್ನು ಆಚೆ ಈಚೆ ವಾಲಿಸಿದ. ಹಿಟ್ಟು ಎಣ್ಣೆಯ ಮೇಲೆ ಓಡಿ ಅಂಚಿನತನಕ ಹರಡಿತು. ಪಿಯಾ ಅಜ್ಜಿ ಪಕ್ಕಕ್ಕೆ ಬಂದು ನಿಂತು, ಎಡಗೈಯನ್ನು ಕಮಲಕ್ಕನ ಬೆನ್ನಿನ ಮೇಲಿಟ್ಟಳು. ಇಬ್ಬರೂ ಬಗ್ಗಿ ಬೆಂಕಿಯೊಳಗೆ ನೋಡುತ್ತ ನಿಂತರು.

ಹೊರಗೆ ಬಂದಾಗ ಅದು ಬಂಗಾರದ ಬಣ್ಣಕ್ಕಿತ್ತು. ಅಂಚು ಗರಿಗರಿ, ನಡುವೆ ಮೆತ್ತಗೆ. ಅಜ್ಜಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಒಂದು ಚೂರು ಮುರಿದು ಬಾಯಿಗಿಟ್ಟಳು. ಊರೆಲ್ಲ ಅವಳ ದವಡೆಯನ್ನೇ ನೋಡುತ್ತಿತ್ತು. ಅವಳು ಇನ್ನೊಂದು ಚೂರು ಮುರಿದಳು. ಅಷ್ಟಕ್ಕೇ ಜನ ಚಪ್ಪಾಳೆ ತಟ್ಟಿದರು.

ಆದರೆ ಎಲ್ಲರಿಗೂ ಸಾಲದು. ಕೈ ಕೈ ದಾಟಿ ಅರ್ಧ ಊರಿಗೆ ಮುಗಿದುಹೋಯಿತು. ಹಿಂದೆ ನಿಂತವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಕಮಲಕ್ಕ ನನ್ನ ಕಡೆ ತಿರುಗಿ, "ಮನಿಗೆ ಹೋಗಿ ಚೀಲ ತೊಗೊಂಬಾ, ಲಗೂ" ಎಂದರು.

"ರೊಟ್ಟಿ ಚೀಲ ಏನ್ರಿ? ಆಮ್ಯಾಲ ನಿಮಗ?"

"ತೊಗೊಂಬಾ ಅಂದ್ರ ತೊಗೊಂಬಾ."

ಆ ಬಯಲಿನಲ್ಲಿ ಖಡಕ್ ರೊಟ್ಟಿಯ ಚೂರು ಮುರಿಯುವ ಸದ್ದು ಎದ್ದಿತು. ಇಟಲಿಯ ಮುದುಕರು ರೊಟ್ಟಿಗೆ ತಮ್ಮ ಚೀಸು ಹಚ್ಚಿಕೊಂಡರು. ಒಬ್ಬ ಗುರೆಳ್ಳು ಚಟ್ನಿಯನ್ನು ಬೆರಳಿಂದ ನೆಕ್ಕಿ, ಕೈಯಲ್ಲಿದ್ದ ವೈನು ಮರೆತು ನಿಂತ. ಜೀನೋ ಶೇಂಗಾ ಚಟ್ನಿ ಜಾಸ್ತಿ ಹಾಕಿಕೊಂಡು ಕೆಮ್ಮಿ ಕೆಮ್ಮಿ ಕೆಂಪಾಗಿ, ಮತ್ತೆ ಕೈ ಚಾಚಿದ. ಕಮಲಕ್ಕ ಪ್ಯಾಟಿಯ ಗಾದಿಯ ಮೇಲೆ ಕೂತವರ ಗತ್ತಿನಲ್ಲಿ ಹಂಚಿದರು. ತಮಗೆಂದು ಒಂದು ಹಿಡಿ ರೊಟ್ಟಿ ಮಡಿಲಲ್ಲಿ ಉಳಿಸಿಕೊಂಡು ಕಟ್ಟೆಯ ಮೇಲೆ ಕೂತರು. ಬೆಳಗಿನಿಂದ ಅವರೂ ಉಂಡಿರಲಿಲ್ಲ.

ಊರವರ ಬ್ರೆಡ್ಡುಗಳ ಜೊತೆ ಅಜ್ಜಿಯ ಒಂದು ಸಣ್ಣ ತಟ್ಟೆಯೂ ಭಟ್ಟಿಯೊಳಗೆ ಹೋಗಿತ್ತು. ಅದನ್ನು ತೆಗೆಸಿ, ಬಟ್ಟೆಯಲ್ಲಿ ಹಿಡಿದು ನೇರ ಕಮಲಕ್ಕನ ಮುಂದೆ ಬಂದು ನಿಂತಳು. ಉಳ್ಳಾಗಡ್ಡಿ ಹರಡಿದ ಫೊಕಾಚಾ. ಒಂದೇ ಕೈಯಲ್ಲಿ ನಾದಿದ್ದರಿಂದ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆ. ಬೆರಳುಗಳ ಗುಳಿ ಎದ್ದು ಕಾಣುತ್ತಿದ್ದವು, ಎಡಗೈಯ ಬೆರಳುಗಳು. ಮಾರ್ತಾ ನನ್ನ ಕಿವಿಯಲ್ಲಿ, "ಕೈ ಮುರಿದ ಮ್ಯಾಲ ಅವ್ವ ಮೊದಲನೇ ಸಲ ಮಾಡ್ಯಾಳ್ರಿ. ನಿಮ್ಮ ಅಕ್ಕವ್ವಗ ಅಂತ" ಎಂದಳು.

ಕಮಲಕ್ಕ ಬೇಡ ಎಂದರೆ ಈ ಮುದುಕಿಯ ಗತಿ ಏನು. ನಾನೇ ಮುಂದೆ ಹೋಗಿ ಏನಾದರೂ ನೆವ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಒಂದು ತುಂಡು ಮುರಿದು, ಬಿಸಿಯಿದೆಯೆಂದು ಬಾಯಿಂದ ಊದಿ, ಕಮಲಕ್ಕನ ಅಂಗೈಯಲ್ಲಿಟ್ಟಳು.

ಕಮಲಕ್ಕ ಮಡಿಲ ರೊಟ್ಟಿಯನ್ನು ನೋಡಿದರು. ಅಜ್ಜಿಯ ಪ್ಲಾಸ್ಟರನ್ನು ನೋಡಿದರು. ಆಮೇಲೆ ತುಂಡನ್ನು ಬಾಯಿಗಿಟ್ಟುಕೊಂಡು ಅಗಿದರು. ಬಹಳ ಹೊತ್ತು ಅಗಿದರು. ನುಂಗಿದರು. ಕಣ್ಣಲ್ಲಿ ನೀರು ಬಂದದ್ದನ್ನು ಉಳ್ಳಾಗಡ್ಡಿಯ ಮೇಲೆ ಹಾಕಿ ಸೆರಗಿನಿಂದ ಒರೆಸಿಕೊಂಡರು.

"ಉಪ್ಪ ಕಮ್ಮಿ ಆಗೇತಿ" ಎಂದರು.

ಗದ್ದಲದಲ್ಲಿ ಮಾರ್ತಾಳಿಗೆ ಕೇಳಿಸಲಿಲ್ಲ, ಏನೆಂದರು ಎಂದು ನನ್ನನ್ನು ಕೇಳಿದಳು. ಬಹಳ ಚೆನ್ನಾಗಿದೆ ಎಂದರು ಅಂತ ಹೇಳು ಎಂದೆ. ಅವಳು ಬಾಯಿ ತೆರೆಯುವ ಮೊದಲೇ ಪಿಯಾ ಅಜ್ಜಿ ಕಮಲಕ್ಕನ ಮುಖವನ್ನೇ ಓದುತ್ತ, ಏಪ್ರನ್ನಿನ ಜೇಬಿಗೆ ಕೈಹಾಕಿ ಒಂದು ಚಿಟಿಕೆ ಉಪ್ಪು ತೆಗೆದಳು. ಎರಡನೆಯ ತುಂಡಿನ ಮೇಲೆ ಅದನ್ನು ಉದುರಿಸಿ ಮುಂದೆ ಹಿಡಿದಳು. ಕಮಲಕ್ಕ ಆಗಲೇ ಕೈ ಚಾಚಿದ್ದರು.